ಅಂಟು ಮೆತ್ತಿದ ಬೆರಳಿಗೆ ಬೈಗುಳವೇಕೆ?

ಸರೋಜಿನಿ ನಗರದ ನಮ್ಮ ಕನ್ನಡ ಮನೆಗಳಲ್ಲಿ ಕಾಲದ ಲೆಕ್ಕವೇ ವಿಚಿತ್ರ. ಮಾರ್ಕೆಟ್ಟಿನಲ್ಲಿ ಒಂದು ಕುರ್ತಾಕ್ಕಾಗಿ ಎರಡು ಗಂಟೆ ಚೌಕಾಸಿ ಮಾಡಿದರೆ ಅದು ಕಾಲಹರಣವಲ್ಲ. ಕ್ರಿಕೆಟ್ಟಿಗೆ ಇಡೀ ಭಾನುವಾರ ಧಾರೆಯೆರೆದರೂ ಅಲ್ಲ. ಮಗನೋ ಮಗಳೋ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಪ್ಲಾಸ್ಟಿಕ್ ತುಂಡುಗಳನ್ನು ಜೋಡಿಸಿ ಯುದ್ಧಕಾಲದ ವಿಮಾನವೊಂದನ್ನು ಕಟ್ಟಲು ಕುಳಿತರೆ ಮಾತ್ರ ಮನೆಮಂದಿಯ ಸಹನೆ ಮುಗಿಯುತ್ತದೆ. "ಇದರಿಂದ ಮಾರ್ಕ್ಸು ಬರುತ್ತದೆಯೇ?" ಎಂಬ ಪ್ರಶ್ನೆ ಸಿದ್ಧವಾಗಿಯೇ ಇರುತ್ತದೆ.

ಬರುವುದಿಲ್ಲ. ಮಾರ್ಕ್ಸಿನ ಆಸೆ ತೋರಿಸಿ ಈ ಹವ್ಯಾಸವನ್ನು ಸಮರ್ಥಿಸುವುದು ನಮಗೆ ಬೇಕಾಗಿಯೂ ಇಲ್ಲ. ಈ ಬೈಗುಳದ ಬೇರು ಬೇರೆ ಕಡೆ ಇದೆ. ಕಾರಕೂನಿಕೆಗೋ ಅಧಿಕಾರಿಯ ಹುದ್ದೆಗೋ ದೆಹಲಿಗೆ ಬಂದವರು ನಾವು. ಕಡತ ಹೊರಳಿಸುವ ಕೈ ಮೇಲು, ಅರ ಹಿಡಿಯುವ ಕೈ ಕೀಳು ಎಂಬ ಭಾವನೆಯನ್ನು ಟ್ರಂಕಿನೊಡನೆ ಹೊತ್ತು ತಂದೆವು. ಈಗ ಅದನ್ನು ಮಕ್ಕಳಿಗೂ ದಾಟಿಸುತ್ತಿದ್ದೇವೆ.

ಎರಡನೆಯ ಮಹಾಯುದ್ಧದ ಲಿಬರೇಟರ್ ಬಾಂಬರನ್ನೇ ತೆಗೆದುಕೊಳ್ಳಿ. 1:72ರ ಅಳತೆಯಲ್ಲಿ ಆರಡಿ ಆಳು ಒಂದು ಇಂಚಾಗುತ್ತಾನೆ. ನೂರಹತ್ತು ಅಡಿಯ ರೆಕ್ಕೆ ಹದಿನೆಂಟು ಇಂಚಿಗೆ ಇಳಿಯುತ್ತದೆ. ಚೌಕಟ್ಟಿನಿಂದ ಒಂದೊಂದು ಭಾಗವನ್ನೂ ಮುರಿಯದೆ ಕತ್ತರಿಸಬೇಕು, ಅಂಚನ್ನು ಮರಳು ಕಾಗದದಲ್ಲಿ ತೀಡಬೇಕು, ಅಂಟು ಹಚ್ಚುವ ಮುನ್ನ ಕೂಡಿಸಿ ನೋಡಬೇಕು. ಈ ಅಂಟು ಗೋಂದಿನಂತಲ್ಲ. ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತದೆ. ಒಂದು ಹನಿ ಹೆಚ್ಚಾದರೆ ಕಿಟಕಿಯ ಗಾಜು ಮಬ್ಬಾಯಿತೆಂದೇ ತಿಳಿಯಿರಿ. (ಅದರ ವಾಸನೆ ಒಳ್ಳೆಯದಲ್ಲ, ಕೋಣೆಯ ಕಿಟಕಿ ತೆರೆದಿಡಿ. ಬ್ಲೇಡು ಹಿಡಿದಾಗ ಹಿರಿಯರೊಬ್ಬರು ಹತ್ತಿರವಿರಲಿ.) ಒಡಲಿನ ಎರಡು ಹೋಳುಗಳನ್ನು ಮುಚ್ಚುವ ಮೊದಲೇ ಒಳಗಿನ ಬಣ್ಣ ಮುಗಿದಿರಬೇಕು, ಮೂತಿಯೊಳಗೆ ಸೀಸದ ಗುಂಡುಗಳನ್ನು ತುಂಬಿರಬೇಕು. ಮರೆತರೆ, ತಿಂಗಳ ಕೆಲಸದ ಕೊನೆಗೆ ವಿಮಾನ ಬಾಲ ಊರಿ ಮೂತಿ ಮೇಲೆತ್ತಿ ಕೂರುತ್ತದೆ. ಮುಂದೆ ಬರುವ ತೊಡಕನ್ನು ಇಂದೇ ಯೋಚಿಸುವ ಈ ಅಭ್ಯಾಸವನ್ನು ಯಾವ ಟ್ಯೂಷನ್ನಿನಲ್ಲಿ ಕಲಿಸುತ್ತಾರೆ, ಹೇಳಿ.

ಲಿಬರೇಟರನ್ನು ನಾವು ಸುಮ್ಮನೆ ಆರಿಸಿಲ್ಲ. ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಕಥೆ ಇದರಲ್ಲಿದೆ. ಯುದ್ಧ ಮುಗಿದ ಮೇಲೆ ಹಲವಾರು ಲಿಬರೇಟರುಗಳನ್ನು, ಮತ್ತೆ ಹಾರಬಾರದೆಂದು ಕೆಡಿಸಿ, ಕಾನಪುರದಲ್ಲಿ ಬಿಟ್ಟುಹೋಗಿದ್ದರು. ಸ್ವತಂತ್ರ ಭಾರತಕ್ಕೆ ಭಾರಿ ಬಾಂಬರುಗಳಿರಲಿಲ್ಲ. ಬೆಂಗಳೂರಿನ ಕಾರ್ಖಾನೆಯವರು ಆ ಗುಜರಿಗೆ ಕೈ ಹಚ್ಚಿದರು. ಅಲ್ಲಿಯೇ ಹಾರುವಷ್ಟು ರಿಪೇರಿ ಮಾಡಿ, ಬೆಂಗಳೂರಿಗೆ ಹಾರಿಸಿ ತಂದು, 40ರ ಸುಮಾರು ವಿಮಾನಗಳಿಗೆ ಮರುಜೀವ ಕೊಟ್ಟರು. 1948ರ ನವೆಂಬರಿನಲ್ಲಿ ವಾಯುಪಡೆಯ 5ನೆಯ ಸ್ಕ್ವಾಡ್ರನ್ ಅವುಗಳಿಂದಲೇ ರೂಪುಗೊಂಡಿತು. 1968ರವರೆಗೆ ಲಿಬರೇಟರುಗಳು ಸೇವೆಯಲ್ಲಿದ್ದವು. ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಮ್ಮಿಗೆ 1974ರಲ್ಲಿ ಒಂದು ಲಿಬರೇಟರ್ ಬೇಕಾದಾಗ ಅದು ಹೋದದ್ದೂ ಭಾರತದಿಂದಲೇ.

ಬಿಟ್ಟವರು ಕಸವೆಂದದ್ದನ್ನು ವಿಮಾನವೆಂದು ಕಂಡದ್ದು ಅರ, ಸುತ್ತಿಗೆ ಹಿಡಿದ ಕೈಗಳು. ಆ ಊರಿನವರೆಂದು ರಾಜ್ಯೋತ್ಸವದ ವೇದಿಕೆಯಲ್ಲಿ ಎದೆ ಉಬ್ಬಿಸುವ ನಾವು, ಮನೆಯಲ್ಲಿ ಮಗುವಿನ ಕೈಯಿಂದ ಅರವನ್ನು ಕಿತ್ತಿಡುತ್ತೇವೆ!

ಇನ್ನೊಂದು ಜಾತಿಯ ತಂದೆಯರಿದ್ದಾರೆ. ಅವರು ಬೈಯುವುದಿಲ್ಲ, ತಾವೇ ಕಟ್ಟಿಬಿಡುತ್ತಾರೆ. ಮಗ ಚಿಮುಟ ಹಿಡಿದು ನಿಂತಿರುತ್ತಾನೆ, ಅಪ್ಪ ಬಣ್ಣ ಬಳಿಯುತ್ತಾರೆ. ಸ್ಪರ್ಧೆಯಲ್ಲಿ ಬಹುಮಾನ ಮಗನ ಹೆಸರಿಗೆ. ಬೈಯುವವರಿಗಿಂತ ಇವರಿಂದಲೇ ಹಾನಿ ಹೆಚ್ಚು ಎಂಬುದು ನಮ್ಮ ಮತ. ಓರೆಯಾಗಿ ಅಂಟಿದ ರೆಕ್ಕೆ ಮಗುವಿನದೇ ಆಗಿದ್ದರೆ, ಮುಂದಿನ ಸಲ ಅದು ತಾನಾಗಿ ನೇರವಾಗುತ್ತದೆ.

ಕೊಲ್ಲುವ ಯಂತ್ರ ಮಕ್ಕಳಿಗೇಕೆ ಎಂದು ಕೆಲವು ತಾಯಂದಿರು ಕೇಳುತ್ತಾರೆ. ಈ ಪ್ರಶ್ನೆಗೆ ಮಾತ್ರ ನಾವು ತಲೆಬಾಗುತ್ತೇವೆ. ಆದರೆ ಅದನ್ನು ಬಚ್ಚಿಡುವುದು ಉತ್ತರವಲ್ಲ. 1943ರ ಆಗಸ್ಟ್ 1ರಂದು ರುಮೇನಿಯದ ಪ್ಲೊಯೆಸ್ಟಿ ತೈಲ ಕಾರ್ಖಾನೆಗಳ ಮೇಲೆ ದಾಳಿಗೆ ಹೋದ ಲಿಬರೇಟರುಗಳಲ್ಲಿ ಐವತ್ತಕ್ಕೂ ಹೆಚ್ಚು ನಾಶವಾದವು. ಒಂದೊಂದರಲ್ಲೂ ಒಂಬತ್ತು-ಹತ್ತು ಮಂದಿ. ಗುಂಡಿನ ಗೋಪುರದೊಳಗೆ ಒಂದಿಂಚಿನ ಆಳನ್ನು ಕೂರಿಸುವ ಹುಡುಗಿಗೆ ಇದನ್ನು ಹೇಳಿ. ಆ ಜಾಗ ಎಷ್ಟು ಇಕ್ಕಟ್ಟೆಂದು ಅವಳಿಗಾಗಲೇ ಗೊತ್ತಿರುತ್ತದೆ.

ಮುಂದಿನ ಮಕ್ಕಳ ದಿನಾಚರಣೆಯಲ್ಲಿ ಮನೆಯಿಂದ ಹೊತ್ತು ತಂದ ಸಿದ್ಧ ಮಾದರಿಗಳಿಗೆ ಬಹುಮಾನ ಬೇಡ. ಸಭಾಂಗಣದಲ್ಲಿ ಪತ್ರಿಕೆ ಹಾಸಿ ಮಕ್ಕಳನ್ನು ಕೂರಿಸೋಣ. ಬ್ಲೇಡಿನ ಮೇಲೆ ಕಣ್ಣಿಡಲು ಇಬ್ಬರು ಕಾರ್ಯಕರ್ತರು ಸಾಕು. ಅಪ್ಪಂದಿರೆಲ್ಲ ಹೊರಗೆ ಕಾಫಿ ಕುಡಿಯುತ್ತಿರಲಿ. ಬಾಗಿಲು ಕಾಯುವ ಕೆಲಸ ನಮಗಿರಲಿ.