ಪುರಂದರಕ್ಕೆ ಮೊದಲು ಹಳಿ ಹೋಗಲಿ

ಪುಣೆಯ ಲೋಹೆಗಾಂವ್‌ನಿಂದ ಬೆಂಗಳೂರಿನ ದೇವನಹಳ್ಳಿಗೆ ನೇರ ಗೆರೆ ಎಳೆದರೆ ಸುಮಾರು 720 ಕಿಲೋಮೀಟರ್. ರಸ್ತೆಯಲ್ಲಿ ಅದೇ 840ರ ಆಸುಪಾಸು. ವಿಮಾನದ ಟಿಕೆಟ್ಟಿನಲ್ಲಿ ಒಂದೂವರೆ ಗಂಟೆ ಚಿಲ್ಲರೆ ಎಂದಿರುತ್ತದೆ. ಅದರಲ್ಲೂ ಪೂರ್ಣ ವೇಗದ ಹಾರಾಟ ಒಂದು ಗಂಟೆಗೂ ಕಡಿಮೆ. ಮಿಕ್ಕದ್ದು ರನ್‌ವೇವರೆಗೆ ಉರುಳುವುದು, ಏರುವುದು, ಇಳಿಯಲು ಸರದಿ ಕಾಯುವುದು. ಕಂಪನಿಗಳು ಎಣಿಸುವುದು ವಿಮಾನ ನಿಂತಲ್ಲಿಂದ ಕದಲಿ ಮತ್ತೆ ನಿಲ್ಲುವವರೆಗಿನ ಹೊತ್ತನ್ನು ಮಾತ್ರ. ಪ್ರಯಾಣಿಕನ ಗಡಿಯಾರ ಮನೆ ಬಾಗಿಲಲ್ಲೇ ಶುರುವಾಗಿರುತ್ತದೆ. ದೇಶದೊಳಗಿನ ಪ್ರಯಾಣಕ್ಕೂ ಬ್ಯಾಗು ಒಪ್ಪಿಸುವ ಕೌಂಟರ್ ಒಂದು ಗಂಟೆ ಮುಂಚೆಯೇ ಮುಚ್ಚುವುದರಿಂದ ಎರಡು ಗಂಟೆ ಮೊದಲೇ ಹೋಗುವುದು ರೂಢಿ. ದೇವನಹಳ್ಳಿಯಲ್ಲಿ ಇಳಿದ ಮೇಲೆ ಮೆಜೆಸ್ಟಿಕ್‌ಗೆ ಇನ್ನೂ ಸುಮಾರು 35 ಕಿಲೋಮೀಟರ್. ಎಲೆಕ್ಟ್ರಾನಿಕ್ ಸಿಟಿಯವರ ಪಾಡು ಕೇಳುವುದೇ ಬೇಡ. ಎಲ್ಲ ಕೂಡಿದರೆ ಐದು ಗಂಟೆ ಸುಲಭವಾಗಿ ಆಗುತ್ತದೆ. ವಿಮಾನವನ್ನು ಇನ್ನಷ್ಟು ವೇಗವಾಗಿ ಓಡಿಸಿದರೆ ಉಳಿಯುವುದು ನಿಮಿಷಗಳು, ನೆಲದ ಮೇಲಿನ ದಾರಿ ಸರಿಮಾಡಿದರೆ ಗಂಟೆಗಳು.

ಪುರಂದರ ತಾಲ್ಲೂಕಿನಲ್ಲಿ ಹೊಸ ವಿಮಾನ ನಿಲ್ದಾಣದ ಯೋಜನೆ ಮುಂದಿರುವಾಗ ಪುಣೆ ನೋಡಬೇಕಾದ್ದು ಈ ಲೆಕ್ಕವನ್ನೇ. (ಜಮೀನು ಬಿಡಲೊಲ್ಲದ ಅಲ್ಲಿನ ರೈತರ ಪ್ರಶ್ನೆ ಇದಕ್ಕಿಂತ ದೊಡ್ಡದು, ಅದನ್ನು ಬೇರೆಯಾಗಿಯೇ ಚರ್ಚಿಸಬೇಕು.) ಲೋಹೆಗಾಂವ್ ರೈಲ್ವೆ ಸ್ಟೇಷನ್ನಿನಿಂದ ಹತ್ತು ಕಿಲೋಮೀಟರ್ ಸುಮಾರು, 2024ರ ಮಾರ್ಚ್‌ನಿಂದ ಮೆಟ್ರೊ ಹತ್ತಿರದ ರಾಮವಾಡಿಯವರೆಗೆ ಬರುತ್ತಿದೆ. ಪುರಂದರ ಇದಕ್ಕಿಂತ ಎಷ್ಟೋ ದೂರ. ಲೋಹೆಗಾಂವ್ ವಾಯುಪಡೆಯ ನೆಲೆ, ಇರುವುದು ಸುಮಾರು ಎರಡೂವರೆ ಕಿಲೋಮೀಟರಿನ ಒಂದೇ ರನ್‌ವೇ, ದೂರದೇಶದ ದೊಡ್ಡ ವಿಮಾನಗಳಿಗೆ ಅದು ಸಾಲದು ಎಂಬ ವಾದವಿದೆ. ಅದು ಸರಿಯೇ. 2021ರ ಅಕ್ಟೋಬರಿನಲ್ಲಿ ರನ್‌ವೇ ದುರಸ್ತಿಗೆಂದು ಎರಡು ವಾರ ನಿಲ್ದಾಣವನ್ನೇ ಮುಚ್ಚಿದಾಗ ಇಡೀ ನಗರಕ್ಕೆ ವಿಮಾನವಿರಲಿಲ್ಲ. ಹೊಸ ನಿಲ್ದಾಣ ಬೇಕು, ಆದರೆ ಬೆಂಗಳೂರು ಮಾಡಿಕೊಂಡ ರೀತಿಯಲ್ಲಿ ಬೇಡ. 2008ರ ಮೇನಲ್ಲಿ ದೇವನಹಳ್ಳಿ ತೆರೆದೊಡನೆ ಊರೊಳಗಿನ ಎಚ್‌ಎಎಲ್ ನಿಲ್ದಾಣದ ನಿಗದಿತ ಪ್ರಯಾಣಿಕ ಸೇವೆ ನಿಂತಿತು. 150 ಕಿಲೋಮೀಟರ್ ಒಳಗೆ ಪೈಪೋಟಿಯ ನಿಲ್ದಾಣ ಬರದಂತೆ 25 ವರ್ಷದ ಷರತ್ತೂ ಒಪ್ಪಂದದಲ್ಲಿತ್ತು. ಮೊದಲ ಹದಿನೈದು ವರ್ಷ ಮೆಟ್ರೊ ಅಲ್ಲಿಗೆ ಮುಟ್ಟಲೇ ಇಲ್ಲ. ಲಂಡನ್ನಿಗೆ ಹೋಗುವವನಿಗೆ ಹೆಚ್ಚುವರಿ ಒಂದು ಗಂಟೆ ಲೆಕ್ಕಕ್ಕಿಲ್ಲ. ಚೆನ್ನೈಗೋ ಪುಣೆಗೋ ಹೋಗುವವನಿಗೆ ಅದು ಹಾರಾಟದಷ್ಟೇ ಉದ್ದ.

ಉದ್ಯಾನ್ ಎಕ್ಸ್‌ಪ್ರೆಸ್ ಕಲಬುರಗಿ, ಗುಂತಕಲ್ ಸುತ್ತಿ ಪುಣೆಯಿಂದ ಬೆಂಗಳೂರಿಗೆ ಇಪ್ಪತ್ತು ಗಂಟೆ ತೆಗೆದುಕೊಳ್ಳುವಾಗ ವಿಮಾನದ ಐದಾರು ಗಂಟೆಗೆ ಕೊರಗುವುದೇಕೆ ಎನ್ನಬಹುದು. ಬೆಂಗಳೂರಿನ ಮಟ್ಟಿಗೆ ಒಪ್ಪೋಣ. ಆದರೆ 2024ರ ಸೆಪ್ಟೆಂಬರಿನಲ್ಲಿ ಶುರುವಾದ ವಂದೇ ಭಾರತ್ ಹುಬ್ಬಳ್ಳಿ–ಪುಣೆ ನಡುವೆ ಎಂಟೂವರೆ ಗಂಟೆಯಲ್ಲಿ ಓಡುತ್ತದೆ, ಬೆಳಗಾವಿಯವರಿಗೆ ಇನ್ನೂ ಕಡಿಮೆ. ಇಂಥ ದಾರಿಗಳಲ್ಲಿ ನಿಲ್ದಾಣ ದೂರವಾದಷ್ಟೂ ವಿಮಾನ ಏರಲು ಕಾರಣವೇ ಉಳಿಯುವುದಿಲ್ಲ. ಆದ್ದರಿಂದ ಪುರಂದರದ ಒಪ್ಪಂದದಲ್ಲಿ ಎರಡು ಮಾತು ಬರೆದಿಡಬೇಕು: ಮೊದಲ ವಿಮಾನ ಏರುವ ದಿನವೇ ನಗರದಿಂದ ರೈಲೂ ಓಡಬೇಕು, ಸಮೀಪದ ಊರುಗಳ ಹಾರಾಟಕ್ಕೆ ಲೋಹೆಗಾಂವ್ ತೆರೆದೇ ಇರಬೇಕು.