ಅತ್ತೆ ಹೇಳಿದ ಮಾತು

ಮೊನ್ನೆ ಬೆಳಿಗ್ಗೆ ಹುಳಿಗೆ ಒಗ್ಗರಣೆ ಹಾಕುತ್ತಿದ್ದೆ. ಪಕ್ಕದ ಮನೆಯಾಕೆ ಬಂದು ಅಡುಗೆಮನೆ ಬಾಗಿಲಲ್ಲೇ ಕುಸಿದು ಕುಳಿತರು. ಅವರ ಮಾವನವರಿಗೆ 88 ವರ್ಷ. ಉಸಿರಾಟದ ಯಂತ್ರಕ್ಕೆ ಹಾಕಬೇಕು, ಸಂಜೆಯೊಳಗೆ ಹೇಳಿ ಎಂದರಂತೆ ಆಸ್ಪತ್ರೆಯಲ್ಲಿ. "ಏನು ಮಾಡ್ಲಿ ಅಕ್ಕಾ? ಬೇಡ ಅಂದ್ರೆ ಸೊಸೆ ಕೊಂದ್ಳು ಅಂತಾರೆ. ಹೂಂ ಅಂದ್ರೆ ಮಗಳ ಕಾಲೇಜಿಗಿಟ್ಟ ದುಡ್ಡೂ ಹೋಗುತ್ತೆ" ಎಂದರು. ಒಗ್ಗರಣೆ ಸೀದುಹೋಯಿತು.

ನನಗೆ ನಮ್ಮತ್ತೆ ನೆನಪಾದರು. ಗಟ್ಟಿ ಜೀವ. 84ರಲ್ಲಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಮಾಡಿಸಿದೆವು. ಖರ್ಚಾದರೂ ಅದು ಸರಿಯೇ. ಇಲ್ಲದಿದ್ದರೆ ಹಾಸಿಗೆಯಲ್ಲೇ ನರಳಬೇಕಿತ್ತು. ವಯಸ್ಸಾಯಿತೆಂದು ಕೈಬಿಡಿ ಅನ್ನುವವಳಲ್ಲ ನಾನು. ಎರಡು ವರ್ಷ ಕೋಲು ಹಿಡಿದು ಓಡಾಡಿದರು. ಆಮೇಲೆ ಇಳಿದುಹೋದರು. ಊಟ ಸೇರದು, ಗುರುತು ಹತ್ತದು. ಒಂದು ಮಧ್ಯಾಹ್ನ ತಲೆ ಬಾಚುತ್ತಿದ್ದಾಗ ಮಾತ್ರ ಸ್ಪಷ್ಟವಾಗಿ ಹೇಳಿದರು: "ನೋಡೇ, ನನ್ನನ್ನ ಆ ವಯರುಗಳ ಮಧ್ಯೆ ಮಲಗಿಸ್ಬೇಡಿ. ನಿನ್ನ ಕೈಯಿಂದ ಒಂದು ಉದ್ಧರಣೆ ನೀರು ಬಿಡು, ಸಾಕು." ನಾನು "ಬಿಡ್ತು ಅನ್ನಿ ಅತ್ತೆ" ಎಂದು ಬಾಯಿ ಮುಚ್ಚಿಸಿದೆ.

ಮಳೆಗಾಲದಲ್ಲಿ ನ್ಯುಮೋನಿಯಾ ಆಯಿತು. ಹೊರದೇಶದಲ್ಲಿದ್ದ ಮೈದುನ ಫೋನಿನಲ್ಲಿ "ದುಡ್ಡಿನ ಮುಖ ನೋಡ್ಬೇಡ ಅಣ್ಣ" ಎಂದ. ಇವರು ಸಹಿ ಹಾಕಿದರು. ಹತ್ತು ವರ್ಷ ಅತ್ತೆಯ ಹಾಸಿಗೆ ಬದಲಿಸಿದವಳು ನಾನು; ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಬಾಯಿಬಿಡಲಿಲ್ಲ. 19 ದಿನ ಐಸಿಯು. ದಿನಕ್ಕೆರಡು ಸಲ, ಹತ್ತು ಹತ್ತು ನಿಮಿಷ ನೋಡಲು ಬಿಡುತ್ತಿದ್ದರು. ಕೊಳವೆ ಕಿತ್ತುಕೊಳ್ಳುತ್ತಾರೆಂದು ಕೈಗಳನ್ನು ಮಂಚಕ್ಕೆ ಕಟ್ಟಿದ್ದರು. ಬೆಳಗಿನ ಜಾವ ಹೋಗಿಬಿಟ್ಟರು, ಪಕ್ಕದಲ್ಲಿ ನಾವಾರೂ ಇರಲಿಲ್ಲ. ಡಿಪಾಜಿಟ್ಟೂ ನನ್ನ ಎರಡು ಬಳೆಯೂ ಬಿಲ್ಲಿಗೆ ಹೋದವು. ಬಳೆಗಾಗಿ ಅಳಲಿಲ್ಲ. ಆ ನೀರು ಬಿಡಲಾಗಲಿಲ್ಲವಲ್ಲ.

ಸೋದರಿಯರೇ, ಈಗ ಕಾನೂನೂ ಇದೆ. ತನಗೆ ಎಂಥ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡಬಹುದೆಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿತು. 2023ರಲ್ಲಿ ಕ್ರಮ ಸುಲಭವಾಯಿತು: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ರುಜು, ಇಷ್ಟು ಸಾಕು. ಇದನ್ನು ಜಾರಿಗೆ ತರಲು ನಮ್ಮ ರಾಜ್ಯ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಇದು ಇಂಜೆಕ್ಷನ್ ಕೊಟ್ಟು ಸಾಯಿಸುವುದಲ್ಲ. ಗುಣವಾಗದ ರೋಗಿಗೆ ಯಂತ್ರ ನಿಲ್ಲಿಸುವ ಮುಂಚೆ ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು. ನೋವು ಶಮನದ ಔಷಧ, ಆರೈಕೆ ನಿಲ್ಲುವುದಿಲ್ಲ.

ಪಕ್ಕದ ಮನೆಯಾಕೆಗೆ ಹೂಂ ಅಂತಲೂ ಹೇಳಲಿಲ್ಲ, ಊಹೂಂ ಅಂತಲೂ ಹೇಳಲಿಲ್ಲ. "ಮಾವನವರು ಎಂದಾದ್ರೂ ಏನಾದ್ರೂ ಹೇಳಿದ್ರಾ?" ಎಂದು ಕೇಳಿದೆ. ಡಾಕ್ಟರನ್ನು ಕೇಳಿ ಎಂದೆ: ಯಂತ್ರಕ್ಕೆ ಹಾಕಿದರೆ ಮನೆಗೆ ಬಂದು ಒಂದು ತುತ್ತು ತಿನ್ನುವ ಆಸೆಯುಂಟೇ? ನಾಲ್ಕು ದಿನ ನೋಡಿ, ಗುಣ ಕಾಣದಿದ್ದರೆ ಮುಂದೇನು? ಹಾಕದಿದ್ದರೆ ಉಬ್ಬಸಕ್ಕೆ ಏನು ಕೊಡುತ್ತೀರಿ? ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಗಂಡನಿಗೆ ಫೋನು ಮಾಡಲು ಎದ್ದರು.

ನಾನೂ ಇವರೂ ಕಳೆದ ತಿಂಗಳು ಬರೆದಿಟ್ಟೆವು. ಮಗಳು "ಈಗಲೇ ಇದೆಲ್ಲಾ ಯಾಕಮ್ಮಾ" ಎಂದು ಓದದೆ ಎದ್ದುಹೋದಳು. ಬೀರುವಿನಲ್ಲಿ ರೇಷನ್ ಕಾರ್ಡಿನ ಕೆಳಗಿಟ್ಟಿದ್ದೀನಿ. ಹಬ್ಬಕ್ಕೆ ಬಂದಾಗ ಇನ್ನೊಮ್ಮೆ ಕೂರಿಸಿ ಓದಿಸಬೇಕು.