ಹಬ್ಬದ ಊಟ ಹೋಟೆಲಿನಲ್ಲಿ ಮಾಡಿದರೆ ತಪ್ಪೇನು?

ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಅಮೆರಿಕದಲ್ಲಿ ‘ಥ್ಯಾಂಕ್ಸ್‌ಗಿವಿಂಗ್’ ಹಬ್ಬ. ಕೃತಜ್ಞತೆ ಸಲ್ಲಿಸುವ ದಿನ ಎಂದು ಅದರ ಅರ್ಥ. 1863ರಲ್ಲಿ ಅಧ್ಯಕ್ಷ ಅಬ್ರಹಾಂ ಲಿಂಕನ್ ಇದನ್ನು ಇಡೀ ದೇಶದ ಹಬ್ಬವೆಂದು ಸಾರಿದರು. 1941ರಲ್ಲಿ ಅಲ್ಲಿನ ಸಂಸತ್ತು ದಿನವನ್ನು ಕಾಯಿದೆಯ ಮೂಲಕ ಗೊತ್ತುಮಾಡಿತು. ದೂರದ ಊರುಗಳಲ್ಲಿರುವ ಮಕ್ಕಳು, ಮೊಮ್ಮಕ್ಕಳು ಹಿರಿಯರ ಮನೆಗೆ ಬಂದು ಒಟ್ಟಿಗೆ ಕುಳಿತು ಉಣ್ಣುವುದೇ ಈ ಹಬ್ಬದ ಮುಖ್ಯ ಆಚರಣೆ. ಇಡಿಯಾಗಿ ಬೇಯಿಸಿದ ಟರ್ಕಿ ಕೋಳಿ, ಅರೆದ ಆಲೂಗಡ್ಡೆ, ಗ್ರೇವಿ, ಕ್ರ್ಯಾನ್‌ಬೆರಿ ಹಣ್ಣಿನ ಗೊಜ್ಜು, ಕೊನೆಗೆ ಸಿಹಿಗುಂಬಳದ ಪೈ – ಇದು ಸಾಮಾನ್ಯವಾಗಿ ಹಬ್ಬದ ಅಡಿಗೆ.

ಈ ಊಟವನ್ನು ಮನೆಯ ಬದಲು ಹೋಟೆಲಿನಲ್ಲಿ ಮಾಡುವ ಕುಟುಂಬಗಳೂ ಅಲ್ಲಿ ಬೇಕಾದಷ್ಟಿವೆ. ‘ಹಬ್ಬದ ದಿನ ಒಲೆ ಹಚ್ಚದ ಮನೆಯೂ ಒಂದು ಮನೆಯೇ?’ ಎಂದು ಹಿರಿಯರು ಮುಖ ಸಿಂಡರಿಸುವುದೂ ಉಂಟು. ಅಮೆರಿಕದಲ್ಲಿ ನೆಲೆಸಿರುವ ನಿಮ್ಮ ಮಗನೋ ಮಗಳೋ ‘ಅಮ್ಮ, ಈ ಸಲ ಹಬ್ಬದ ಊಟಕ್ಕೆ ಹೋಟೆಲಿಗೆ ಹೋಗ್ತೀವಿ’ ಎಂದು ಫೋನಿನಲ್ಲಿ ಹೇಳಿದರೆ ನಿಮಗೂ ಹಾಗೆಯೇ ಅನ್ನಿಸಬಹುದು. ಆದರೆ ಆರೋಗ್ಯದ ದೃಷ್ಟಿಯಿಂದ ನೋಡಿದರೆ, ಅವರು ಹೋಗಲಿ ಎಂದೇ ನಾನು ಹೇಳುತ್ತೇನೆ.

ಏಕೆಂದರೆ, ಹಬ್ಬದ ಊಟ ಉಣ್ಣುವವರ ಆರೋಗ್ಯದ ಬಗ್ಗೆ ನಾವೆಲ್ಲ ಮಾತನಾಡುತ್ತೇವೆ. ಅಡಿಗೆ ಮಾಡುವವರ ಆರೋಗ್ಯದ ಬಗ್ಗೆ ಯಾರೂ ಕೇಳುವುದಿಲ್ಲ. ಏಳು ಕಿಲೋ ತೂಗುವ, ಕಲ್ಲಿನಂತೆ ಹೆಪ್ಪುಗಟ್ಟಿದ ಟರ್ಕಿಯನ್ನು ಫ್ರಿಜ್‌ನಲ್ಲಿಟ್ಟು ಹೆಪ್ಪು ಬಿಡಿಸಲು ಮೂರು ನಾಲ್ಕು ದಿನ ಬೇಕು. ಬೇಯಲು ಸುಮಾರು ನಾಲ್ಕು ಗಂಟೆ. ಇರುವ ಒಂದೇ ಓವನ್‌ನಲ್ಲಿ ಉಳಿದ ಭಕ್ಷ್ಯಗಳೂ ಆಗಬೇಕು. ಬಿಸಿ ಕೊಬ್ಬು ತುಂಬಿದ ಭಾರದ ತಟ್ಟೆಯನ್ನು ಬಗ್ಗಿ ಎತ್ತಬೇಕು. ಅಮೆರಿಕದಲ್ಲಿ ಅಡಿಗೆಯಿಂದ ಮನೆಗೆ ಬೆಂಕಿ ಬೀಳುವ ಪ್ರಸಂಗಗಳು ವರ್ಷದಲ್ಲೇ ಅತಿ ಹೆಚ್ಚಾಗಿ ನಡೆಯುವುದು ಇದೇ ಹಬ್ಬದ ದಿನ! ಮಂಡಿನೋವು, ಬೆನ್ನುನೋವು, ರಕ್ತದ ಒತ್ತಡ ಇರುವ ಅರವತ್ತೈದರ ಅಜ್ಜಿ ಬೆಳಗಿನಿಂದ ನಿಂತೇ ಇದನ್ನೆಲ್ಲ ಮಾಡಿ, ಎಲ್ಲರೂ ಉಂಡೆದ್ದ ಮೇಲೆ ಪಾತ್ರೆಗಳ ರಾಶಿಯ ಮುಂದೆ ನಿಂತರೆ, ಆಕೆಗೆ ಹಬ್ಬ ಎಲ್ಲಿ ಬಂತು? ಇನ್ನು ಮನೆಯಲ್ಲಿ ಇಬ್ಬರೇ ಮುದುಕರಿದ್ದರೆ ಏಳು ಕಿಲೋ ಟರ್ಕಿಯ ಮಾತೇ ಹಾಸ್ಯಾಸ್ಪದ.

ಮನೆಯ ಅಡಿಗೆ ಎಂದ ಮಾತ್ರಕ್ಕೆ ಅಪಾಯವಿಲ್ಲವೆಂದು ತಿಳಿಯಬೇಡಿ. ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜನ್ಸ್ ಎಂಬ ರೋಗಾಣುವಿನಿಂದ ಅಮೆರಿಕದಲ್ಲಿ ವರ್ಷಕ್ಕೆ ಸುಮಾರು ಹತ್ತು ಲಕ್ಷ ಮಂದಿ ಹೊಟ್ಟೆ ಕೆಡಿಸಿಕೊಳ್ಳುತ್ತಾರೆ. ಒಂದೇ ಕಡೆ ಹಲವರು ಒಟ್ಟಿಗೆ ಕಾಯಿಲೆ ಬೀಳುವ ಪ್ರಸಂಗಗಳು ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಹೆಚ್ಚು. ಈ ರೋಗಾಣುವಿನ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ. ದೊಡ್ಡ ಪಾತ್ರೆಯ ಗ್ರೇವಿಯೋ ಮಾಂಸವೋ ಮೇಜಿನ ಮೇಲೆ ಗಂಟೆಗಟ್ಟಲೆ ಆರುತ್ತಾ ಕುಳಿತಾಗ ಅವು ಮೊಳೆತು ಬೆಳೆಯುತ್ತವೆ. ತಿಂದ ಆರರಿಂದ ಇಪ್ಪತ್ತನಾಲ್ಕು ಗಂಟೆಗಳೊಳಗೆ ಹೊಟ್ಟೆನುಲಿತ, ಭೇದಿ ಶುರುವಾಗುತ್ತದೆ. ಗಟ್ಟಿಮುಟ್ಟಾದವರು ಒಂದು ದಿನದಲ್ಲಿ ಚೇತರಿಸಿಕೊಳ್ಳುತ್ತಾರೆ. ವೃದ್ಧರಿಗೂ ಪುಟ್ಟ ಮಕ್ಕಳಿಗೂ ಅಷ್ಟು ಸುಲಭವಲ್ಲ.

ಹಾಗಾದರೆ ಹೋಟೆಲಿನ ಊಟ ಅಮೃತವೇ? ಖಂಡಿತ ಅಲ್ಲ. ಅಲ್ಲಿ ಬಾಣಲೆಗೆ ಎಷ್ಟು ಬೆಣ್ಣೆ ಬಿತ್ತು, ಎಷ್ಟು ಉಪ್ಪು ಬಿತ್ತು ಎಂದು ನಿಮಗೆ ಕಾಣುವುದಿಲ್ಲ. ವಯಸ್ಕರಿಗೆ ದಿನಕ್ಕೆ 2300 ಮಿಲಿಗ್ರಾಂಗಿಂತ ಹೆಚ್ಚು ಸೋಡಿಯಂ ಬೇಡ ಎನ್ನುತ್ತದೆ ಅಲ್ಲಿನ ಆರೋಗ್ಯ ಇಲಾಖೆ. ಎಂದರೆ ದಿನಕ್ಕೆಲ್ಲ ಒಂದು ಟೀ ಚಮಚ ಉಪ್ಪು. ಹೋಟೆಲಿನ ಒಂದು ಹೊತ್ತಿನ ಊಟದಲ್ಲೇ ಅದು ಮುಗಿದುಹೋಗಬಹುದು. ಇಪ್ಪತ್ತು ಅಥವಾ ಹೆಚ್ಚು ಶಾಖೆಗಳಿರುವ ಹೋಟೆಲುಗಳು ಪ್ರತಿ ತಿನಿಸಿನ ಕ್ಯಾಲೊರಿಯನ್ನು ಮೆನುವಿನಲ್ಲೇ ನಮೂದಿಸಬೇಕೆಂಬ ನಿಯಮ 2018ರಲ್ಲಿ ಜಾರಿಗೆ ಬಂದಿದೆ. ಬೆಲೆಯ ಜೊತೆಗೆ ಅದನ್ನೂ ಓದುವ ಅಭ್ಯಾಸ ಒಳ್ಳೆಯದು. ಕೇಳಿದರೆ ಸೋಡಿಯಂ ಎಷ್ಟೆಂಬುದನ್ನೂ ಅವರು ತಿಳಿಸಬೇಕು. ಬಫೆ ಊಟವಾದರೆ ‘ಕೊಟ್ಟ ದುಡ್ಡು ವಸೂಲಾಗಬೇಕು’ ಎಂಬ ಛಲ ಬೇಡ. ದುಡ್ಡು ಹೋಟೆಲಿನವರದು, ಹೊಟ್ಟೆ ನಿಮ್ಮದು!

ಸಕ್ಕರೆ ಕಾಯಿಲೆ ಇರುವವರು ಒಂದು ವಿಷಯದಲ್ಲಿ ವಿಶೇಷ ಎಚ್ಚರ ವಹಿಸಬೇಕು. ಹಬ್ಬದ ದಿನ ಹೋಟೆಲುಗಳಲ್ಲಿ ನೂಕುನುಗ್ಗಲು. ಊಟಕ್ಕೆ ಮುಂಚಿನ ಇನ್ಸುಲಿನ್ ಚುಚ್ಚಿಕೊಂಡೇ ಮನೆಯಿಂದ ಹೊರಟು, ಅಲ್ಲಿ ಮೇಜು ಸಿಗುವುದು ಒಂದು ಗಂಟೆ ತಡವಾದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬೆವರು, ನಡುಕ, ತಲೆಸುತ್ತು ಬಂದು ಪ್ರಜ್ಞೆ ತಪ್ಪುವುದೂ ಉಂಟು. ಕೆಲವು ಮಾತ್ರೆಗಳ ವಿಷಯದಲ್ಲೂ ಇದೇ ಮಾತು. ಔಷಧಿಯ ಹೊತ್ತನ್ನು ಮೊದಲೇ ವೈದ್ಯರಲ್ಲಿ ಕೇಳಿಕೊಳ್ಳಿ. ಜೇಬಿನಲ್ಲಿ ನಾಲ್ಕು ಸಕ್ಕರೆ ಪೆಪ್ಪರಮಿಂಟು ಇರಲಿ. ಸಂಜೆಯ ಊಟಕ್ಕೆಂದು ಬೆಳಗಿನಿಂದ ಉಪವಾಸ ಕೂರುವುದಂತೂ ಬೇಡವೇ ಬೇಡ.

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗಿರುವ ನಮ್ಮ ಸಸ್ಯಾಹಾರಿ ಹಿರಿಯರಿಗೆ ಇನ್ನೊಂದು ಕಿವಿಮಾತು. ‘ಸ್ಟಫಿಂಗ್’ ಎಂಬ ಪದಾರ್ಥ ನೋಡಲು ಬರೀ ಬ್ರೆಡ್ಡು, ಈರುಳ್ಳಿ. ಆದರೆ ಅದಕ್ಕೆ ಸಾಮಾನ್ಯವಾಗಿ ಕೋಳಿಯ ಸಾರು ಬಿದ್ದಿರುತ್ತದೆ. ಗ್ರೇವಿಯೂ ಹಾಗೆಯೇ. ಸಂಕೋಚಪಡದೆ ಕೇಳಿ ತಿಳಿದುಕೊಳ್ಳಿ.

ಉಳಿದ ತಿಂಡಿಯನ್ನು ಡಬ್ಬಿಯಲ್ಲಿ ಕಟ್ಟಿಸಿಕೊಂಡು ಬರುವ ಪದ್ಧತಿ ಒಳ್ಳೆಯದೇ. ಆದರೆ ಎರಡು ಗಂಟೆಯೊಳಗೆ ಅದು ಫ್ರಿಜ್ ಸೇರಬೇಕು. ನೆಂಟರ ಮನೆ ಸುತ್ತುವ ತನಕ ಕಾರಿನಲ್ಲಿ ಬಿಡಬಾರದು. ಮೂರು ನಾಲ್ಕು ದಿನದೊಳಗೆ, ಒಳಗಿನವರೆಗೂ ಕುದಿಬಿಸಿ ಮಾಡಿ ತಿಂದು ಮುಗಿಸಿ.

ಇನ್ನೊಂದು ಮಾತು. ಅಜ್ಜನಿಗೆ ಕಿವಿ ಮಂದವಾಗಿದ್ದರೆ ಗದ್ದಲದ ಹೋಟೆಲಿನಲ್ಲಿ ಅವರು ಎಲ್ಲರ ನಡುವೆಯೂ ಒಂಟಿ. ಮೂಲೆಯ ಮೇಜನ್ನು ಮೊದಲೇ ಹೇಳಿಡಿ. ನಿಮ್ಮ ಮನೆಯ ಅಡಿಗೆಯವರಿಗೆ ಸಿಕ್ಕ ಬಿಡುವು, ಅಂದು ಹೋಟೆಲಿನಲ್ಲಿ ದುಡಿಯುವ ಇನ್ನೊಬ್ಬರು ಬಿಟ್ಟುಕೊಟ್ಟ ಬಿಡುವು ಎಂಬುದೂ ನೆನಪಿರಲಿ. ಬಡಿಸಿದವರಿಗೆ ಧಾರಾಳವಾಗಿ ಟಿಪ್ಸ್ ಕೊಟ್ಟು ಬನ್ನಿ. ಕೃತಜ್ಞತೆಯ ಹಬ್ಬವಲ್ಲವೇ?

ಮನೆಯಲ್ಲಿ ಅಡಿಗೆ ಮಾಡುವುದೇ ಸಂತೋಷ ಎನ್ನುವವರು ಖಂಡಿತ ಮಾಡಲಿ. ಆದರೆ ಕೆಲಸವನ್ನು ಎಲ್ಲರೂ ಹಂಚಿಕೊಳ್ಳಲಿ. ಗಂಡಸರೂ ಪಾತ್ರೆ ತೊಳೆಯಲಿ. ಅದು ಆಗದ ಮನೆಯಾದರೆ ಹೋಟೆಲೇ ಮೇಲು. ‘ಊಟ ಬಲ್ಲವನಿಗೆ ರೋಗವಿಲ್ಲ’ ಎನ್ನುತ್ತದೆ ನಮ್ಮ ಗಾದೆ. ಊಟ ಬಲ್ಲವರು ತಟ್ಟೆಯಲ್ಲಿ ಏನಿದೆ ಎಂದು ನೋಡಿದ ಹಾಗೆಯೇ, ಅದನ್ನು ಮಾಡಿದವರು ಪಕ್ಕದಲ್ಲಿ ಕುಳಿತು ಉಣ್ಣುತ್ತಿದ್ದಾರೆಯೇ ಎಂದೂ ನೋಡಬೇಕು. ಮುಂದಿನ ಹಬ್ಬಕ್ಕೆ ಮನೆಯೋ ಹೋಟೆಲೋ ಎಂದು ತೀರ್ಮಾನಿಸುವ ಮುನ್ನ ಅವರನ್ನೇ ಮೊದಲು ಕೇಳಿ.